ಮಲೆನಾಡಿಗೆ ವಿದ್ಯುತ್ ಸೆಡಾನ್: ಆವೃತ್ತಿ, ಓಡುವ ದೂರ, ಚಾರ್ಜಿಂಗ್‌ಗಳನ್ನು ತೂಗಿ ನೋಡುವ ಬಗೆ

ಬ್ರೋಷರಿನಲ್ಲಿ ಅಚ್ಚಾದ ಕಿಲೋಮೀಟರು ದಾವಣಗೆರೆಯ ಬಯಲಿಗೂ ಒಂದೇ, ಬಾಳೆಬರೆ ಘಾಟಿಗೂ ಒಂದೇ. ಓಡಿಸುವವರಿಗೆ ಮಾತ್ರ ಆ ಎರಡು ರಸ್ತೆಗಳು ಬೇರೆ ಬೇರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯವರು ವಿದ್ಯುತ್ ಕಾರಿನ ಮಾತು ಬಂದ ಕೂಡಲೇ ಕೇಳುವುದು "ಒಂದ್ ಚಾರ್ಜಿಗೆ ಎಷ್ಟು ಓಡುತ್ತೆ?" ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ನಮ್ಮ ಮನೆಯಲ್ಲಿ ಒಂದು ರಾತ್ರಿಗೆ ಎಷ್ಟು ಯೂನಿಟ್ ತುಂಬಿಸಬಹುದು? ಕಾರಿನ ತಳ ನಮ್ಮ ದಾರಿಗೆ ಉಜ್ಜದೆ ಹೋಗುತ್ತದೆಯೇ? ಇವೆರಡಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಯಾವ ಆವೃತ್ತಿ ಕೊಳ್ಳಬೇಕೆಂಬುದು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಉದಾಹರಣೆಗೆ ಚೀನಾದ ಬಿವೈಡಿ ಕಂಪನಿಯ ಸೀಲ್ ಕಾರನ್ನು ಎತ್ತಿಕೊಂಡಿದ್ದೇನೆ. ಒಂದೇ ಮೈಕಟ್ಟಿನಲ್ಲಿ ಮೂರು ಆವೃತ್ತಿ ಇರುವುದರಿಂದ ಹೋಲಿಕೆ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ದುಡ್ಡು ಹಾಕಲಾಗದವರಿಗೆ ಟಾಟಾ ಟಿಗೋರ್ ಇವಿಯ ಮಾತೂ ಮುಂದೆ ಬರುತ್ತದೆ. ಲೆಕ್ಕ ಹಾಕುವ ಕ್ರಮ ಯಾವ ಕಾರಿಗಾದರೂ ಒಂದೇ.

ಮೊದಲು ನಿಮ್ಮ ಓಡಾಟ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಮೂರು ಸಾಲು ಸಾಕು. ದಿನನಿತ್ಯದ ಓಡಾಟ ಎಷ್ಟು. ತಿಂಗಳಿಗೊಮ್ಮೆಯಾದರೂ ಹೋಗುವ ದೂರದ ಊರು ಯಾವುದು. ತುರ್ತಿಗೆ ಹೊರಡಲೇಬೇಕಾದ ದಾರಿ ಯಾವುದು. ನಮ್ಮ ಕಡೆ ಮೂರನೆಯ ಸಾಲಿಗೆ ಮಣಿಪಾಲ ಬರೆಯುವವರೇ ಹೆಚ್ಚು. ಆಸ್ಪತ್ರೆಯ ಕರೆ ಬಂದಾಗ ಚಾರ್ಜರ್ ಹುಡುಕುತ್ತ ನಿಲ್ಲುವಂತಾಗಬಾರದು. ಆದ್ದರಿಂದ ಬ್ಯಾಟರಿಯ ಗಾತ್ರವನ್ನು ತೀರ್ಮಾನಿಸಬೇಕಾದದ್ದು ಈ ಸಾಲು. ಪೇಟೆಯೊಳಗೆ ಗಾಂಧಿ ಬಜಾರಿಗೋ ನೆಹರೂ ರಸ್ತೆಗೋ ಹೋಗಿಬರುವುದಕ್ಕೆ ಯಾವ ವಿದ್ಯುತ್ ಕಾರಾದರೂ ಸಾಕು. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಮೂರು ಆವೃತ್ತಿಗಳ ನಡುವೆ ಇರುವ ವ್ಯತ್ಯಾಸ

ಸೀಲ್ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದದ್ದು 2024ರ ಮಾರ್ಚಿನಲ್ಲಿ. ಕೆಳಗಿನ ಆವೃತ್ತಿ ಡೈನಮಿಕ್. ಅದರ ಬ್ಯಾಟರಿ 61.44 ಕಿಲೋವ್ಯಾಟ್ ಅವರ್, ಹಿಂದಿನ ಚಕ್ರಗಳಿಗೆ ಮಾತ್ರ ಮೋಟಾರು, ಶಕ್ತಿ 204 ಎಚ್‌ಪಿ. ನಡುವಿನದು ಪ್ರೀಮಿಯಂ: 82.56 ಕಿಲೋವ್ಯಾಟ್ ಅವರ್, ಅದಕ್ಕೂ ಹಿಂದಿನ ಚಕ್ರಗಳಿಗೇ ಮೋಟಾರು, 313 ಎಚ್‌ಪಿ. ಮೇಲಿನದು ಪರ್ಫಾರ್ಮೆನ್ಸ್. ಬ್ಯಾಟರಿ ಪ್ರೀಮಿಯಂನಷ್ಟೇ ಇದ್ದರೂ ನಾಲ್ಕೂ ಚಕ್ರಗಳಿಗೆ ಬಲ, 530 ಎಚ್‌ಪಿ. ಬಿಡುಗಡೆಯಾದಾಗ ಶೋರೂಂ ಬೆಲೆ ಕ್ರಮವಾಗಿ 41 ಲಕ್ಷ, 45.55 ಲಕ್ಷ, 53 ಲಕ್ಷ ರೂಪಾಯಿ ಇತ್ತು.

ಒಂದು ಕಿಲೋವ್ಯಾಟ್ ಅವರ್ ಎಂದರೆ ಮೆಸ್ಕಾಂ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟೇ. ಹಾಗಾಗಿ ಇನ್ನು ಮುಂದೆ ಯೂನಿಟ್ ಎಂದೇ ಹೇಳುತ್ತೇನೆ. ಪೆಟ್ರೋಲಿನ ಲೀಟರಿನಂತೆ ಇದೂ ಕೈಗೆ ಸಿಗುವ ಅಳತೆ. ಕಿಲೋಮೀಟರಿನ ಜಾಹೀರಾತಿಗಿಂತ ಇದನ್ನು ನಂಬಬಹುದು.

ಜಾಹೀರಾತಿನ ದೂರಗಳು 510, 650 ಮತ್ತು 580 ಕಿ.ಮೀ. ಇವು ಎನ್‌ಇಡಿಸಿ ಎಂಬ ಹಳೆಯ ಪ್ರಯೋಗಾಲಯ ಪರೀಕ್ಷೆಯ ಅಂಕಿಗಳು. ಆ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 34 ಕಿ.ಮೀ. ಆಸುಪಾಸು. ಅಲ್ಲಿ ಏರಿಲ್ಲ, ಮಳೆಯಿಲ್ಲ, ಎದುರುಗಾಳಿಯಿಲ್ಲ. ಅದಕ್ಕಿಂತ ಕಟ್ಟುನಿಟ್ಟಾದ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ, ಇವೇ ಬ್ಯಾಟರಿಗಳೊಂದಿಗೆ ಹೊರದೇಶಗಳಲ್ಲಿ ಮಾರುವ ಸೀಲ್‌ಗೆ ಸಿಕ್ಕಿರುವುದು 460, 570 ಮತ್ತು 520 ಕಿ.ಮೀ. ಕಾರು ಅದೇ, ಬ್ಯಾಟರಿಯೂ ಅದೇ. ಅಳತೆಗೋಲು ಬದಲಾದದ್ದಕ್ಕೇ ಡೈನಮಿಕ್‌ನಲ್ಲಿ 50, ಪ್ರೀಮಿಯಂನಲ್ಲಿ 80 ಕಿ.ಮೀ. ಇಳಿಯಿತು. ಎರಡು ಕಂಪನಿಗಳ ಕಾರುಗಳನ್ನು ಹೋಲಿಸುವಾಗ ಮೊದಲು ಇದನ್ನು ನೋಡಬೇಕು. ಒಂದು ಎನ್‌ಇಡಿಸಿ ಅಂಕಿ, ಇನ್ನೊಂದು ಎಆರ್‌ಎಐ (ನಮ್ಮ ದೇಶದ ವಾಹನ ಪರೀಕ್ಷಾ ಸಂಸ್ಥೆ) ಅಂಕಿ ಆಗಿದ್ದರೆ ಅವೆರಡನ್ನು ಪಕ್ಕಪಕ್ಕ ಇಟ್ಟು ಪ್ರಯೋಜನವಿಲ್ಲ.

ಇನ್ನೊಂದು ಸೂಕ್ಷ್ಮ ಗಮನಿಸಿ. ಪರ್ಫಾರ್ಮೆನ್ಸ್ ಆವೃತ್ತಿಗೆ ಹೆಚ್ಚು ದುಡ್ಡು ಕೊಟ್ಟರೂ ದೂರ ಕಡಿಮೆ. ಮುಂದಿನ ಮೋಟಾರೂ ಸೇರಿ ಕಾರಿನ ತೂಕ 2,185 ಕೆ.ಜಿ. ಆಗುತ್ತದೆ, ಡೈನಮಿಕ್ ತೂಗುವುದು 1,922 ಕೆ.ಜಿ. ನಾಲ್ಕು ಚಕ್ರಕ್ಕೂ ಬಲವಿದ್ದರೆ ಮಲೆನಾಡಿನ ಕೆಸರಿಗೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಎತ್ತರದ ಜೀಪಿನ ವಿಚಾರದಲ್ಲಿ ಹೌದು. ಇಷ್ಟು ತಗ್ಗಾದ ಸೆಡಾನ್ ಕೆಸರಿನ ದಾರಿಗೆ ಇಳಿದರೆ ಚಕ್ರ ಜಾರುವ ಮೊದಲೇ ತಳ ನೆಲಕ್ಕೆ ಕೂರುತ್ತದೆ. 3.8 ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟುವ ಶಕ್ತಿಗೆ ನಮ್ಮ ತಿರುವುಗಳಲ್ಲಿ ಜಾಗವೂ ಇಲ್ಲ. ನನ್ನ ಮಟ್ಟಿಗೆ ಈ ಆವೃತ್ತಿಯನ್ನು ಮಲೆನಾಡಿನವರು ಪಟ್ಟಿಯಿಂದಲೇ ತೆಗೆಯಬಹುದು. ಪೈಪೋಟಿ ಉಳಿದ ಎರಡರ ನಡುವೆ.

ಘಾಟಿಯ ಲೆಕ್ಕ

ಏರಿನಲ್ಲಿ ಬ್ಯಾಟರಿ ಬರಿದಾಗಿಬಿಡುತ್ತದೆ ಎಂಬ ಭಯ ಅನೇಕರಿಗಿದೆ. ಅದನ್ನು ಲೆಕ್ಕ ಹಾಕಿಯೇ ನೋಡೋಣ. ಸೋಮೇಶ್ವರದಿಂದ ಆಗುಂಬೆಯವರೆಗೆ 14 ಹಿಮ್ಮುರಿ ತಿರುವುಗಳಲ್ಲಿ ಏರುವ ಎತ್ತರ ಸುಮಾರು 550 ಮೀಟರ್. ಕಾರು, ಜನ, ಸಾಮಾನು ಎಲ್ಲ ಸೇರಿ 2,200 ಕೆ.ಜಿ. ಎಂದಿಟ್ಟುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 3.3 ಯೂನಿಟ್. ಮೋಟಾರಿನಲ್ಲಿ ಪೋಲಾಗುವುದನ್ನೂ ಸೇರಿಸಿ 4 ಯೂನಿಟ್ ಹಿಡಿಯಿರಿ. ಬಯಲಿನಲ್ಲಿ 20ರಿಂದ 25 ಕಿ.ಮೀ. ಓಡುವಷ್ಟು ಶಕ್ತಿ ಇದು. ಇದಕ್ಕಿಂತ ಹೆಚ್ಚಿಲ್ಲ. ಇಳಿಯುವಾಗ ಮೋಟಾರು ಜನರೇಟರಿನ ಕೆಲಸ ಮಾಡಿ ಆ ಶಕ್ತಿಯ ಒಳ್ಳೆಯ ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಲೆಕ್ಕಕ್ಕೆ ಎರಡೂವರೆ ಯೂನಿಟ್ ಎಂದುಕೊಳ್ಳಿ.

ಹೆದರಿಸುವುದು ಕಾರಿನ ಪರದೆ. ಇನ್ನು ಎಷ್ಟು ಕಿ.ಮೀ. ಓಡುತ್ತದೆ ಎಂಬ ಅಂದಾಜಿಗೆ ಈಗಷ್ಟೇ ಖರ್ಚಾದ ಶಕ್ತಿಯೂ ಸೇರುವ ಕಾರುಗಳಲ್ಲಿ, ಘಾಟಿ ಹತ್ತುತ್ತಿದ್ದಂತೆ ಆ ಸಂಖ್ಯೆ ದಡದಡನೆ ಇಳಿಯುತ್ತದೆ. ಅದನ್ನು ನೋಡಬೇಡಿ, ಶೇಕಡಾವಾರು ನೋಡಿ. ಡೈನಮಿಕ್‌ನಲ್ಲಿ ಶೇ 1 ಎಂದರೆ ಸುಮಾರು 0.6 ಯೂನಿಟ್, ಘಾಟಿ ಹತ್ತಲು ಶೇ 6ರಿಂದ 7 ಮಾತ್ರ ಹೆಚ್ಚುವರಿಯಾಗಿ ಹೋಗುತ್ತದೆ.

ಈಗ ಮಣಿಪಾಲದ ದಾರಿ. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ಮೇಲೆ ಹೋದರೆ ಸುಮಾರು 150 ಕಿ.ಮೀ., ಹೋಗಿಬರಲು 300. ವೇಗ ಹೆಚ್ಚಿಲ್ಲದ ರಸ್ತೆಯಾದ್ದರಿಂದ 100 ಕಿ.ಮೀ.ಗೆ 16 ಯೂನಿಟ್ ಇಟ್ಟುಕೊಂಡರೆ 48 ಯೂನಿಟ್. ಇಳಿತ, ಏರು ಎರಡೂ ಕಳೆದು ಕೂಡಿ ಒಂದೂವರೆ ಯೂನಿಟ್ ಹೆಚ್ಚು. ಒಟ್ಟು 49.5. ಪೂರ್ತಿ ತುಂಬಿಸಿ ಹೊರಟ ಡೈನಮಿಕ್‌ನಲ್ಲಿ ಮನೆಗೆ ಮರಳಿದಾಗ ಶೇ 19ರಷ್ಟು ಉಳಿಯುತ್ತದೆ. ಹೋಗಿಬರುವುದಕ್ಕೆ ಸಾಕು. ಆದರೆ ಹಿಂದಿನ ದಿನ ಸಾಗರಕ್ಕೆ ಹೋಗಿ ಬಂದು, ಆ ರಾತ್ರಿ ಕರೆಂಟು ಇಲ್ಲದೆ ಅರ್ಧ ಬ್ಯಾಟರಿಯಲ್ಲೇ ಹೊರಡಬೇಕಾಗಿ ಬಂದರೆ ಕರಾವಳಿಯಲ್ಲಿ ಚಾರ್ಜ್ ಮಾಡಲೇಬೇಕು. ತುರ್ತಿನ ದಾರಿ ಯಾವುದೆಂದು ಮೊದಲು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಬೆಂಗಳೂರಿನ ಕಥೆ ಬೇರೆ. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಹಾದು ಸುಮಾರು 300 ಕಿ.ಮೀ. ಶಿವಮೊಗ್ಗಕ್ಕಿಂತ ಬೆಂಗಳೂರು 350 ಮೀಟರಿನಷ್ಟು ಎತ್ತರದಲ್ಲಿದೆ. ಅದಕ್ಕೇ ಎರಡೂವರೆ ಯೂನಿಟ್ ಬೇಕು. ಇಲ್ಲಿ ವೇಗವೂ ಹೆಚ್ಚು. ವೇಗ ಏರಿದಂತೆ ಗಾಳಿಯ ತಡೆ ಅದರ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. 80ರಲ್ಲಿ ಹೋಗುವವರು 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. 100 ಕಿ.ಮೀ.ಗೆ 17 ಯೂನಿಟ್ ಹಿಡಿದರೆ ಒಟ್ಟು ಬೇಕಾದದ್ದು 53.5. ಡೈನಮಿಕ್‌ನಲ್ಲಿ ಉಳಿಯುವುದು ಶೇ 13. ಯಶವಂತಪುರದ ಸಂಚಾರ ದಟ್ಟಣೆಯಲ್ಲಿ ನಿಂತಾಗ ಆ ಅಂಕಿ ಮನಸ್ಸಿಗೆ ಹಿತವಲ್ಲ. ನಡುವೆ ಒಮ್ಮೆ ಚಾರ್ಜ್ ಮಾಡುವುದೇ ಸರಿ. ಪ್ರೀಮಿಯಂನಲ್ಲಿ ಉಳಿಯುವುದು ಶೇ 35. ಊಟಕ್ಕೆ ಬಿಟ್ಟು ಬೇರೆಲ್ಲೂ ನಿಲ್ಲಬೇಕಿಲ್ಲ.

ತಿಂಗಳಿಗೆ ಎರಡು ಮೂರು ಸಲ ಬೆಂಗಳೂರಿಗೆ ಹೋಗುವವರಿಗೆ ಪ್ರೀಮಿಯಂನ ಹೆಚ್ಚುವರಿ ನಾಲ್ಕೂವರೆ ಲಕ್ಷ ನಿಜವಾಗಿ ಕೆಲಸಕ್ಕೆ ಬರುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಹೋಗುವವರು ದಾರಿಯಲ್ಲಿ ಅರ್ಧ ಗಂಟೆ ನಿಂತು ಆ ದುಡ್ಡು ಉಳಿಸಿಕೊಳ್ಳುವುದು ಮೇಲು.

ಘಾಟಿಯ ತುದಿಯಲ್ಲೇ ಮನೆಯಿರುವವರಿಗೆ ಒಂದು ಎಚ್ಚರಿಕೆ. ಆಗುಂಬೆ ಅಥವಾ ಹುಲಿಕಲ್‌ನಲ್ಲಿ ಶೇ 100 ತುಂಬಿಸಿ ನೇರ ಘಾಟಿ ಇಳಿದರೆ ಮರಳಿ ಬರುವ ಶಕ್ತಿಗೆ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಆಗ ಮೋಟಾರಿನ ಹಿಡಿತ ಕಡಿಮೆಯಾಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಅಂಥವರು ಹೊರಡುವ ದಿನ ಶೇ 90ಕ್ಕೆ ನಿಲ್ಲಿಸಿ.

ತಳದ ಎತ್ತರ

ಸೀಲ್‌ನ ತಳಕ್ಕೂ ನೆಲಕ್ಕೂ ನಡುವಿನ ಅಂತರ 145 ಮಿ.ಮೀ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,920 ಮಿ.ಮೀ. ಇಷ್ಟು ಉದ್ದ, ಇಷ್ಟು ತಗ್ಗು ಸೇರಿದಾಗ ಹಳ್ಳಿಯವರೇ ಕಟ್ಟಿದ ಚೂಪು ಹಂಪುಗಳ ಮೇಲೆ ಕಾರಿನ ನಡುಭಾಗ ಉಜ್ಜುವ ಸಂಭವ ಹೆಚ್ಚು. ಆ ನಡುಭಾಗದಲ್ಲೇ ಬ್ಯಾಟರಿ ಇದೆ. ಸೀಲ್‌ನಲ್ಲಿ ಅದು ಕಾರಿನ ಮೈಕಟ್ಟಿನದೇ ಒಂದು ಭಾಗ. ಅಡಿಕೆ ತೋಟದೊಳಗಿನ ಮನೆಗೆ ಉಣುಗೋಲು ದಾಟಿ ಮಣ್ಣಿನ ದಾರಿಯಲ್ಲಿ ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮಳೆಗಾಲದಲ್ಲಿ ಎರಡು ಚಕ್ರದ ಜಾಡು ಇಳಿದು ನಡುವಿನ ದಿಣ್ಣೆ ಮೇಲೇಳುತ್ತದೆ. ದಾರಿ ಬೇಸಿಗೆಯಲ್ಲಿ ಸರಿಯಿತ್ತು ಎಂಬುದು ಆಗ ನೆರವಿಗೆ ಬಾರದು.

ಟೆಸ್ಟ್ ಡ್ರೈವ್ ಅನ್ನು ಹೆದ್ದಾರಿಯಲ್ಲಿ ಮುಗಿಸಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು ಮನೆಯ ಅಂಗಳದವರೆಗೆ ಕಾರು ತರಿಸಿ. ಮೋರಿಯ ಅಂಚು, ಗೇಟಿನ ಇಳಿಜಾರು, ಊರ ಮುಂದಿನ ಹಂಪು, ಮೂರನ್ನೂ ನಿಧಾನವಾಗಿ ದಾಟಿಸಿ; ಒಬ್ಬರು ಹೊರಗೆ ಕುಕ್ಕರುಗಾಲಲ್ಲಿ ಕೂತು ತಳ ನೋಡಲಿ. ಒಂದೇ ಕಡೆ ತಾಗಿದರೂ ಮೊದಲು ಆ ದಾರಿ ಸರಿಮಾಡಿಸಿ, ಇಲ್ಲವೇ ಬೇರೆ ಕಾರು ನೋಡಿ.

ಟಯರಿನಲ್ಲೂ ಗಮನಿಸುವುದಿದೆ. ಡೈನಮಿಕ್‌ಗೆ 18 ಇಂಚಿನ ಚಕ್ರ, ಉಳಿದೆರಡಕ್ಕೆ 19 ಇಂಚು. ಡೈನಮಿಕ್‌ನ ಟಯರಿನ ಪಕ್ಕೆ ಸುಮಾರು 112 ಮಿ.ಮೀ., ಮೇಲಿನವುಗಳದು 106. ವ್ಯತ್ಯಾಸ ಸಣ್ಣದಾದರೂ ಜುಲೈ ಆಗಸ್ಟಿನ ಗುಂಡಿಗಳಲ್ಲಿ ರಿಮ್ಮಿಗೆ ಏಟು ಬೀಳದಂತೆ ಕಾಯುವುದು ಆ ರಬ್ಬರಿನ ಎತ್ತರವೇ. ಸ್ಟೆಪ್ನಿ ಕೊಡುತ್ತಾರೋ ಪಂಕ್ಚರ್ ಕಿಟ್ ಮಾತ್ರವೋ ಎಂಬುದನ್ನು ಡಿಕ್ಕಿ ತೆಗೆಸಿ ಕಣ್ಣಾರೆ ನೋಡಿ.

ಟಿಗೋರ್ ಇವಿಗೆ ಇಲ್ಲಿ ಮೇಲುಗೈ ಇದೆ: ತಳದ ಅಂತರ 172 ಮಿ.ಮೀ. ಬ್ಯಾಟರಿ ಮಾತ್ರ 26 ಯೂನಿಟ್ಟಿನದು, ಎಆರ್‌ಎಐ ದೂರ 315 ಕಿ.ಮೀ. 100 ಕಿ.ಮೀ.ಗೆ 13 ಯೂನಿಟ್ ಹಿಡಿದರೂ ನಮ್ಮ ರಸ್ತೆಯಲ್ಲಿ 200 ಕಿ.ಮೀ. ಲೆಕ್ಕ ಹಾಕುವುದು ಕ್ಷೇಮ. ಶಿವಮೊಗ್ಗದಿಂದ ಸಾಗರಕ್ಕೋ ಚನ್ನಗಿರಿಗೋ ಹೋಗಿಬರುವವರಿಗೆ ಇದು ಚೆನ್ನಾಗಿ ಒದಗುತ್ತದೆ. ಮಣಿಪಾಲಕ್ಕೆ ಹೋದರೆ ಅಲ್ಲಿ ತುಂಬಿಸಿಕೊಂಡೇ ಬರಬೇಕು.

ಮನೆಯ ಚಾರ್ಜಿಂಗ್

ಹಣ ಕಟ್ಟುವ ಮೊದಲು ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ.

16 ಆಂಪಿಯರ್ ಸಾಕೆಟ್ಟಿಗೆ ಹಾಕುವ ಪೋರ್ಟಬಲ್ ಚಾರ್ಜರ್ 3 ಕಿಲೋವ್ಯಾಟಿನದು. ರಾತ್ರಿ ಎಂಟು ಗಂಟೆ ಹಾಕಿಟ್ಟರೆ ಮೀಟರಿನಲ್ಲಿ 24 ಯೂನಿಟ್ ಓಡಿ, ಪೋಲಾದದ್ದು ಕಳೆದು 21ರಷ್ಟು ಬ್ಯಾಟರಿಗೆ ಸೇರುತ್ತದೆ. ಸೀಲ್‌ನಂಥ ಕಾರಿಗೂ ಅದು 120 ಕಿ.ಮೀ. ಓಡಾಟ. ದಿನನಿತ್ಯಕ್ಕೆ ಇಷ್ಟೇ ಸಾಕಾಗುವ ಮನೆಗಳೇ ಹೆಚ್ಚು. ಗೋಡೆಗೆ ಹಾಕುವ 7 ಕಿಲೋವ್ಯಾಟ್ ಚಾರ್ಜರ್ ಅದೇ ಎಂಟು ಗಂಟೆಯಲ್ಲಿ ಸುಮಾರು 50 ಯೂನಿಟ್ ತುಂಬಿಸುತ್ತದೆ. ಸಂಜೆ ದೂರದಿಂದ ಬಂದು ಬೆಳಿಗ್ಗೆ ಮತ್ತೆ ದೂರ ಹೊರಡುವವರಿಗೆ, ಮತ್ತು ಕರೆಂಟು ಇದ್ದಾಗಲೇ ಬೇಗ ತುಂಬಿಸಿಕೊಳ್ಳಬೇಕಾದ ಹಳ್ಳಿಯ ಮನೆಗಳಿಗೆ ಇದು ಬೇಕು.

7 ಕಿಲೋವ್ಯಾಟಿಗೆ 32 ಆಂಪಿಯರ್ ಎಳೆಯುತ್ತದೆ. ಮನೆಗೆ ಮಂಜೂರಾದ ಲೋಡು ಎಷ್ಟೆಂದು ಬಿಲ್ಲಿನಲ್ಲಿ ನೋಡಿ. ಅದು 2 ಅಥವಾ 3 ಕಿಲೋವ್ಯಾಟ್ ಇದ್ದರೆ ಮೆಸ್ಕಾಂ ಉಪವಿಭಾಗದ ಕಚೇರಿಗೆ ಲೋಡು ಹೆಚ್ಚಿಸಲು ಅರ್ಜಿ ಹಾಕಬೇಕು. ಗೃಹಜ್ಯೋತಿ ಪಡೆಯುವ ಮನೆಯವರು ಇದನ್ನೂ ಗಮನಿಸಿ: ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ ಪೋಲಾದದ್ದೂ ಸೇರಿ ಸುಮಾರು 190 ಯೂನಿಟ್ ಕಾರಿಗೇ ಹೋಗುತ್ತದೆ. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮ ಮೇಲೆ. ಕಾರಿಗೆ ಪ್ರತ್ಯೇಕ ಮೀಟರು ಹಾಕಿಸುವುದು ಲಾಭವೋ ಎಂಬುದನ್ನು ಅದೇ ಕಚೇರಿಯಲ್ಲಿ ವಿಚಾರಿಸಿ.

ವೈರಿಂಗ್ ವಿಷಯದಲ್ಲಿ ಜುಗ್ಗತನ ಬೇಡ. ಮೀಟರ್ ಬೋರ್ಡಿನಿಂದ ನೇರವಾಗಿ ಪ್ರತ್ಯೇಕ ಲೈನು ಎಳೆಸಿ. 32 ಆಂಪಿಯರಿಗೆ ಕನಿಷ್ಠ 6 ಚದರ ಮಿ.ಮೀ. ತಾಮ್ರದ ವೈರು ಬೇಕು. ಕಾರು ನಿಲ್ಲಿಸುವ ಜಾಗ ದೂರವಿದ್ದರೆ 10. ಎಂಸಿಬಿ ಜೊತೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಇರಲೇಬೇಕು. ಅರ್ಥಿಂಗ್ ಗುಂಡಿ ಹೊಸದಾಗಿ ತೆಗೆಸಿ. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಕಾರು ಚಾರ್ಜ್ ಆಗಲು ಒಪ್ಪುವುದಿಲ್ಲ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಗುಂಡಿಗೆ ನೀರು ಹಾಕುತ್ತಿರಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಅದಿದ್ದರೂ ಸಿಡಿಲಿನ ಹೊತ್ತಿಗೆ ಪ್ಲಗ್ ತೆಗೆದುಬಿಡಿ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜ್ ಬಿದ್ದಾಗ ಚಾರ್ಜಿಂಗ್ ನಿಧಾನವಾಗುವುದೋ ನಿಲ್ಲುವುದೋ ಉಂಟು. ರಾತ್ರಿ ಹನ್ನೊಂದರ ನಂತರ ಶುರುವಾಗುವಂತೆ ಸಮಯ ಹೊಂದಿಸಿ.

ಆರಿದ್ರೆ ಮಳೆಯಿಂದ ಆಶ್ಲೇಷ ಮಳೆಯವರೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋಗುವುದು ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಹೊಸತಲ್ಲ. ಆ ತಿಂಗಳುಗಳಲ್ಲಿ ಬ್ಯಾಟರಿ ಶೇ 50ಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಸೀಲ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯನ್ನು ಆಗಾಗ ಶೇ 100ರವರೆಗೆ ತುಂಬಿಸುವುದು ಒಳ್ಳೆಯದೇ. ಈ ಬಗೆಯ ಬ್ಯಾಟರಿಯಲ್ಲಿ ಉಳಿದ ಶೇಕಡಾವಾರು ಸರಿಯಾಗಿ ತೋರಿಸಲು ಅದು ಬೇಕು. ಸೀಲ್‌ನಿಂದ ಮನೆಯ ಉಪಕರಣಗಳಿಗೆ ಕರೆಂಟು ತೆಗೆಯುವ ಸೌಲಭ್ಯವೂ ಇದೆ. ಫ್ರಿಜ್ಜು, ನಾಲ್ಕು ದೀಪ, ವೈಫೈ ಸೇರಿ 300 ವ್ಯಾಟ್ ಎಂದರೆ ಹತ್ತು ಗಂಟೆಗೆ 3 ಯೂನಿಟ್, ಬ್ಯಾಟರಿಯ ಶೇ 5ರಷ್ಟು. ಮಲೆನಾಡಿನ ಮಳೆಗಾಲಕ್ಕೆ ಇದು ದೊಡ್ಡ ಉಪಕಾರ. ಉಪಕರಣಗಳನ್ನು ಕಾರಿನ ಅಡಾಪ್ಟರಿಗೇ ನೇರವಾಗಿ ಹಾಕಿ. ಮನೆಯ ವೈರಿಂಗಿಗೆ ಯಾವ ಕಾರಣಕ್ಕೂ ಕೊಡಬೇಡಿ. ಆ ಕರೆಂಟು ಹೊರಗಿನ ಲೈನಿಗೆ ಹರಿದರೆ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮ್ಯಾನ್ ಜೀವಕ್ಕೆ ಕುತ್ತು.

ದಾರಿಯ ಚಾರ್ಜಿಂಗ್

ವೇಗದ ಡಿಸಿ ಚಾರ್ಜಿಂಗಿನಲ್ಲಿ ಡೈನಮಿಕ್ 110 ಕಿಲೋವ್ಯಾಟ್ ತನಕ, ಪ್ರೀಮಿಯಂ 150ರ ತನಕ ತೆಗೆದುಕೊಳ್ಳಬಲ್ಲದು. ಆ ವ್ಯತ್ಯಾಸಕ್ಕೆ ದುಡ್ಡು ಕೊಡುವ ಮುನ್ನ ನಿಮ್ಮ ದಾರಿಯಲ್ಲಿರುವ ಚಾರ್ಜರ್ ಎಷ್ಟು ಕೊಡುತ್ತದೆಂದು ನೋಡಿ. ಅದು 30 ಕಿಲೋವ್ಯಾಟಿನದಾದರೆ ಎರಡೂ ಕಾರಿಗೆ ಸಿಗುವುದು 30 ಮಾತ್ರ. ಶೇ 20ರಿಂದ 80ಕ್ಕೆ ಡೈನಮಿಕ್‌ಗೆ 37 ಯೂನಿಟ್ ಬೇಕು, ಒಂದೂಕಾಲು ಗಂಟೆ. ಪ್ರೀಮಿಯಂಗೆ 50 ಯೂನಿಟ್, ಒಂದು ಗಂಟೆ ನಲವತ್ತು ನಿಮಿಷ. 60 ಕಿಲೋವ್ಯಾಟಿನದಾದರೆ ಅರ್ಧಕ್ಕಿಳಿಯುತ್ತದೆ. ಎರಡು ಗನ್ ಇರುವ ಯಂತ್ರದಲ್ಲಿ ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಶಕ್ತಿ ಹಂಚಿಹೋಗಬಹುದು. ಶೇ 80 ದಾಟಿದ ಮೇಲೆ ವೇಗ ಇಳಿಯುವುದರಿಂದ ಅಲ್ಲಿಗೇ ಹೊರಡಿ.

ಆ್ಯಪ್‌ನಲ್ಲಿ ಕಂಡ ಚಾರ್ಜರೆಲ್ಲ ಕೆಲಸ ಮಾಡುತ್ತಿರುತ್ತದೆ ಎಂದುಕೊಳ್ಳಬೇಡಿ. ಅಲ್ಲಿ ಕೊನೆಯ ಸಲ ಯಾರು ಯಾವ ದಿನ ಚಾರ್ಜ್ ಮಾಡಿದ್ದಾರೆ ನೋಡಿ, ಫೋನ್ ಮಾಡಿ ಕೇಳಿ. ಒಂದು ಕೆಟ್ಟಿದ್ದರೆ ಮುಂದಿನದಕ್ಕೆ ತಲುಪುವಷ್ಟು ಉಳಿಸಿಕೊಂಡೇ ಮೊದಲನೆಯದಕ್ಕೆ ಹೋಗಿ. ಘಾಟಿಯ ಕಡೆ ನೆಟ್‌ವರ್ಕ್ ಇರುವುದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಆ್ಯಪ್‌ನಿಂದ ಚಾರ್ಜರ್ ಶುರುವಾಗದು. ಎರಡು ಮೂರು ಕಂಪನಿಗಳ ಆ್ಯಪ್‌ಗೆ ಮನೆಯಲ್ಲೇ ಹಣ ತುಂಬಿಸಿಡಿ, ಕಾರ್ಡು ಕೊಡುವ ಕಂಪನಿಯಾದರೆ ಕಾರ್ಡು ತೆಗೆದುಕೊಳ್ಳಿ.

ಬುಕಿಂಗ್‌ಗೆ ಮುನ್ನ

ಶೋರೂಂ ಬೆಲೆಯ ಮೇಲೆ ತೆರಿಗೆ ಸೇರಿಸಿ ನೋಡಿ. 25 ಲಕ್ಷಕ್ಕಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ಕರ್ನಾಟಕ 2024ರಲ್ಲಿ ಶೇ 10 ಆಜೀವ ತೆರಿಗೆ ತಂದಿತು. 41 ಲಕ್ಷದ ಕಾರಿಗೆ ಅದೇ 4.1 ಲಕ್ಷವಾಗುತ್ತದೆ. ಈಗ ಜಾರಿಯಲ್ಲಿರುವ ದರವನ್ನು ಆರ್‌ಟಿಒದಲ್ಲಿ ಕೇಳಿ, ವಿಮೆಯೂ ಸೇರಿದ ಮೊತ್ತವನ್ನು ಬರೆದುಕೊಡಲು ಹೇಳಿ. ಬ್ಯಾಟರಿಯ ವಾರಂಟಿ ಸೀಲ್, ಟಿಗೋರ್ ಎರಡಕ್ಕೂ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ತಳಕ್ಕೆ ಕಲ್ಲು ತಾಗಿ ಆದ ಹಾನಿ ವಾರಂಟಿಯಲ್ಲಿ ಬರುತ್ತದೆಯೋ ವಿಮೆಯಲ್ಲೋ ಎಂಬ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು, ಪಾಲಿಸಿಯಲ್ಲಿ ಆ ಸಾಲು ಎಲ್ಲಿದೆಯೆಂದು ತೋರಿಸಲಿ. ಹತ್ತಿರದ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ, ಕಾರು ಕೆಟ್ಟು ನಿಂತರೆ ಅಲ್ಲಿಯವರೆಗೆ ಸಾಗಿಸುವ ಖರ್ಚು ಯಾರದು ಎಂಬುದನ್ನೂ ಕೇಳಿ. ವಿದ್ಯುತ್ ಕಾರನ್ನು ಚಕ್ರ ನೆಲದ ಮೇಲಿರುವಂತೆ ಹಗ್ಗ ಕಟ್ಟಿ ಎಳೆಯುವಂತಿಲ್ಲ, ಫ್ಲಾಟ್‌ಬೆಡ್ ಲಾರಿಯೇ ಬರಬೇಕು.

ಮೆಸ್ಕಾಂ ಮಂಜೂರಾತಿ ಕೈಗೆ ಬಂದ ಮೇಲೆ ಕಾರು ಬುಕ್ ಮಾಡಿ. ಡೆಲಿವರಿಯನ್ನು ಆದಷ್ಟು ಮಳೆಗಾಲದ ನಂತರಕ್ಕೆ ಇಟ್ಟುಕೊಳ್ಳಿ. ಹೊಸ ಲೈನು, ಅರ್ಥಿಂಗ್ ಗುಂಡಿ, ಕಾರು ನಿಲ್ಲಿಸುವ ಮಾಡು ಇವೆಲ್ಲ ಜಡಿಮಳೆಯಲ್ಲಿ ಆಗುವ ಕೆಲಸವಲ್ಲ.